ಕರೆಂಟ್ ಹೋದ ಮೇಲಿನ ಧಾರಾವಾಹಿ

ನಮ್ಮ ರಾಯಚೂರಿನಲ್ಲಿ ಕರೆಂಟ್ ಹೋದರೆ ಖುಷಿಪಡುವವರು ಇಬ್ಬರೇ. ಒಬ್ಬ, ಮೇಣದಬತ್ತಿ ಮಾರುವ ಅಂಗಡಿಯವನು. ಇನ್ನೊಬ್ಬಳು, ನಮ್ಮತ್ತೆ! ಅಂಗಡಿಯವನಿಗಾದರೂ ವ್ಯಾಪಾರವಾಗುತ್ತದೆ. ನಮ್ಮತ್ತೆಗೆ ಏನು ಸಿಗುತ್ತದೆ ಎಂದಿರಾ? ಕೇಳುವ ಕಿವಿಗಳು ಸಿಗುತ್ತವೆ.

ಕರೆಂಟು ತಯಾರಾಗುವುದು ನಮ್ಮ ಜಿಲ್ಲೆಯಲ್ಲೇ. ಇಲ್ಲಿಂದಲೇ ನಾಡಿಗೆಲ್ಲ ಹೋಗುತ್ತದೆ. ಈ ‘ಹೋಗುತ್ತದೆ’ ಎಂಬ ಮಾತನ್ನು ನಾವು ಎರಡೂ ಅರ್ಥದಲ್ಲಿ ಬಳಸುತ್ತೇವೆ. ನಾಲ್ಕು ಹನಿ ಮಳೆ, ಒಂದಿಷ್ಟು ಗಾಳಿ ಸಾಕು, ಎಲ್ಲೋ ತಂತಿ ಬಿದ್ದು ಓಣಿ ಕತ್ತಲಾಗುತ್ತದೆ. ಆಗ ಉಳಿದವರ ಮುಖ ಕಪ್ಪಿಟ್ಟರೆ ಅತ್ತೆಯ ಮುಖ ಅರಳುತ್ತದೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಪೋತ್ನಾಳದಲ್ಲಿ ಬಹಳ ವರ್ಷ ಅಂಗನವಾಡಿ ನಡೆಸಿ, ನಿವೃತ್ತಳಾಗಿ, ಈಗ ನಮ್ಮ ಮನೆಯಲ್ಲಿದ್ದಾಳೆ. ತಾಯಂದಿರು ಗದ್ದೆಗೆ ಹೋದಾಗ ಅಳುವ ಮಕ್ಕಳನ್ನು ಸುಮ್ಮನಿರಿಸಲು ಕಥೆ ಕಟ್ಟಿ ಕಟ್ಟಿ ಅವಳ ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ. ಆ ಮಕ್ಕಳಿಗೆ ಕಥೆ ಕೇಳಿದರೆ ನಿದ್ದೆ ಬರುತ್ತಿತ್ತಂತೆ. ನಮಗೆ ಬಂದ ನಿದ್ದೆಯೂ ಓಡಿಹೋಗುತ್ತದೆ!

ಇದೆಲ್ಲ ಶುರುವಾದದ್ದು ಒಂದು ಬೇಸಿಗೆಯ ಸಂಜೆ. ಟೀವಿಯಲ್ಲಿ ಧಾರಾವಾಹಿ ನಡೆದಿತ್ತು. ಸೊಸೆಯ ಕೈಯಲ್ಲಿ ಹಾಲಿನ ಲೋಟ, ಹಾಲಿನಲ್ಲಿ ವಿಷ, ವಿಷ ಹಾಕಿದ ಅತ್ತೆ ಬಾಗಿಲ ಮರೆಯಲ್ಲಿ. (ಧಾರಾವಾಹಿಯ ಅತ್ತೆ, ನಮ್ಮತ್ತೆಯಲ್ಲ!) ಸೊಸೆ ಲೋಟವನ್ನು ತುಟಿಯ ಹತ್ತಿರ ತಂದಳು. ಕರೆಂಟ್ ಹೋಯಿತು!

“ಅಯ್ಯೋ!” ಎಂದಳು ನನ್ನ ಹೆಂಡತಿ. ಪಕ್ಕದ ಮನೆಯಲ್ಲೂ “ಅಯ್ಯೋ!” ಎದುರು ಮನೆಯಲ್ಲೂ “ಅಯ್ಯೋ!” ಇಡೀ ಓಣಿ ಒಂದೇ ಧಾರಾವಾಹಿ ನೋಡುತ್ತದೆಂದು ನನಗೆ ತಿಳಿದದ್ದೇ ಅವತ್ತು.

“ಯಾಕ ಹಿಂಗ ಒದರಾಕತ್ತೀರಿ?” ಎಂದಳು ಅತ್ತೆ. “ಟೀವಿ ಬಂದಾದರ ಆಕಿ ಹಾಲು ಕುಡಿಯೋದು ಬಿಡ್ತಾಳೇನು? ಬರ್ರಿ ಮಾಳಗಿ ಮ್ಯಾಲ, ಮುಂದಿಂದು ನಾ ಹೇಳ್ತೀನಿ.”

ಪಕ್ಕದ ಮನೆ, ಎದುರು ಮನೆಯ ಹೆಂಗಸರೂ ಮಾಳಿಗೆಗೆ ಬಂದು ಕೂತರು. ಅತ್ತೆ ಮೊದಲು ಕಥೆಯೊಳಗೆ ಒಂದು ಬೆಕ್ಕನ್ನು ಬಿಟ್ಟಳು. ಬೆಕ್ಕು ಹಾರಿತು, ಲೋಟ ಬಿತ್ತು, ಚೆಲ್ಲಿದ ಹಾಲಿನಲ್ಲಿ ಕಾಲಿಟ್ಟು ಕೆಟ್ಟ ಅತ್ತೆ ಜಾರಿ ಸೊಂಟ ಮುರಿದುಕೊಂಡಳು. ಸೊಸೆ ಗಂಡನಿಗೆ “ನಿಮ್ಮವ್ವನ್ನ ನೀನ ನೋಡ್ಕೋ” ಎಂದು ಹೇಳಿ ಬಸ್ಸು ಹತ್ತಿದವಳು ದೇವದುರ್ಗದಲ್ಲಿ ಇಳಿದಳು. ಬಸ್ ನಿಲ್ದಾಣದ ಎದುರಿಗೆ ಖಾನಾವಳಿ ತೆರೆದಳು. ಬಿಸಿ ರೊಟ್ಟಿ, ಪುಂಡಿಪಲ್ಯ. ಮಧ್ಯಾಹ್ನವಾದರೆ ಕೂರಲು ಜಾಗವಿಲ್ಲ!

ಅಷ್ಟರಲ್ಲಿ ಕರೆಂಟ್ ಬಂತು. ಎಲ್ಲರೂ ದಡದಡನೆ ಇಳಿದು ನೋಡಿದರೆ, ಟೀವಿಯಲ್ಲಿ ಸೊಸೆ ಇನ್ನೂ ಲೋಟ ಹಿಡಿದುಕೊಂಡೇ ನಿಂತಿದ್ದಳು.

“ನೋಡ್ರೀ ಈಕಿನ್ನ! ನಾ ಆಕಿಗೆ ಖಾನಾವಳಿ ಹಾಕಿಸಿಕೊಟ್ಟು ಬಂದೀನಿ, ಈಕಿ ಇನ್ನೂ ಹಾಲ ಕುಡಿದಿಲ್ಲ!”

ಅಂದಿನಿಂದ ಓಣಿಯ ಹೆಂಗಸರು “ಇವತ್ತು ಕರೆಂಟ್ ಹೋಗ್ತದೋ ಇಲ್ಲೋ?” ಎಂದು ಆಸೆಯಿಂದ ವಿಚಾರಿಸತೊಡಗಿದರು. ಒಂದು ದಿನವಂತೂ ಊರಿಗೆಲ್ಲ ಕರೆಂಟಿದ್ದು ನಮ್ಮ ಮನೆಗೆ ಮಾತ್ರ ಇರಲಿಲ್ಲ. ನೋಡಿದರೆ ಮೇನ್ ಸ್ವಿಚ್ ಕೆಳಗಿದೆ! “ಇಲಿ ಇಳಿಸಿರಬೇಕು ಬಿಡ್ರಿ,” ಎಂದಳು ನನ್ನ ಹೆಂಡತಿ, ಚಾಪೆ ಹಿಡಿದು ಮಾಳಿಗೆ ಹತ್ತುತ್ತಾ.

ಎದುರು ಮನೆಯ ಮಾಸ್ತರರಿಗೆ ಇದೆಲ್ಲ ಸೇರುತ್ತಿರಲಿಲ್ಲ. ಅವರ ಮನೆಗೆ ಹೊಸ ಇನ್ವರ್ಟರ್ ಬಂದಿತ್ತು. ಓಣಿಯಲ್ಲೇ ಮೊದಲನೆಯದು! ಕತ್ತಲಾದಾಗ ತಮ್ಮ ಮನೆಯೊಂದೇ ಬೆಳಗುವುದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವರಿಗೂ ಇರಬಾರದೇ? ಆದರೆ ಕರೆಂಟ್ ಹೋಗುತ್ತಲೇ ಅವರ ಹೆಂಡತಿ ಮಕ್ಕಳು ನಮ್ಮ ಮಾಳಿಗೆಯಲ್ಲಿರುತ್ತಿದ್ದರು. ಮಾಸ್ತರರು ಬಾಗಿಲಲ್ಲಿ ನಿಂತು ಕೂಗುವರು: “ಏ, ಬರ್ರಿ ಇಲ್ಲಿ! ಫ್ಯಾನ್ ತಿರಗಾಕತ್ತದ!” ಯಾರೂ ಕದಲುತ್ತಿರಲಿಲ್ಲ. ಕೊನೆಗೊಂದು ದಿನ ಅವರೇ ಮೆಟ್ಟಿಲು ಹತ್ತಿ ಬಂದರು. “ಗಾಳಿಗೆ ಬಂದೀನಿ, ಕಥಿಗಲ್ಲ,” ಎಂದು ಮೊದಲೇ ಹೇಳಿ ಮೂಲೆಯಲ್ಲಿ ಕೂತರು. ಅತ್ತೆ ಕಥೆಯಲ್ಲೊಬ್ಬ ಮಾಸ್ತರನನ್ನು ತಂದು ಅವನಿಗೆ ಬಡ್ತಿ ಕೊಡಿಸಿದಳು. ಮರುದಿನ ಎಲ್ಲರಿಗಿಂತ ಮೊದಲು ಚಾಪೆ ಹಾಸಿ ಕೂತವರು ಅವರೇ.

ಇನ್ನು ಬಚ್ಚಲಮನೆಯ ಪ್ರಸಂಗ. ಸ್ನಾನಕ್ಕೆ ಹೋದ ಅತ್ತೆ ಒಳಗೆ ಸಿಕ್ಕಿಬಿದ್ದಳು. ಮಳೆಗೆ ಉಬ್ಬಿದ ಬಾಗಿಲು, ಕೆಟ್ಟ ಚಿಲಕ. ಸಾಲದ್ದಕ್ಕೆ ಕರೆಂಟಿಲ್ಲ. ನಾವೆಲ್ಲ ಹೊರಗೆ ಗಾಬರಿಯಾಗಿ ನಿಂತೆವು. ನನ್ನ ಹೆಂಡತಿ ಅಳುವುದೊಂದು ಬಾಕಿ.

“ಅಳಬ್ಯಾಡವ್ವಾ,” ಎಂದಿತು ಒಳಗಿನ ದನಿ. “ಬಡಿಗ್ಯಾನ ಕರಕೊಂಡು ಬರ್ರಿ. ಅಲ್ಲೀತನ ಒಂದು ಕಳ್ಳನ ಕಥಿ ಹೇಳ್ತೀನಿ.”

ಬಡಗಿ ಬಂದ, ಉಳಿ ಇಟ್ಟ, ನಾಲ್ಕು ಪೆಟ್ಟು ಹಾಕಿದ.

“ಏ ತಮ್ಮಾ, ಸಾವಕಾಶ ಬಡಿಯೋ! ಕಳ್ಳ ಬೀರುವಿನಾಗ ಅಡಗ್ಯಾನ, ಸಪ್ಪಳಾದರ ಸಿಕ್ಕೋತಾನ!”

ಬಡಗಿ ಸುತ್ತಿಗೆ ಕೆಳಗಿಟ್ಟು ಬಾಗಿಲಿಗೆ ಕಿವಿಗೊಟ್ಟ. ನಾನು ಗದರಿಸಿದೆ. ಅಂತೂ ಬಾಗಿಲು ತೆರೆಯಿತು, ಅತ್ತೆ ನಗುತ್ತಾ ಹೊರಗೆ ಬಂದಳು, ಕಥೆ ಅಲ್ಲಿಗೇ ನಿಂತಿತು. ಬಡಗಿ ತಲೆ ಕೆರೆದುಕೊಂಡು ಕೇಳಿದ: “ಬಾಗ್ಲಾ ಇನ್ನೊಮ್ಮಿ ಹಾಕಲೇನ್ರೀ ಯವ್ವಾ? ಕಳ್ಳ ಇನ್ನೂ ಬೀರುವಿನಾಗ ಅದಾನ!”

ಇಷ್ಟನ್ನೆಲ್ಲ ನಗುತ್ತಾ ಹೇಳಬಹುದು. ಒಂದು ಸಂಜೆಯದನ್ನು ಮಾತ್ರ ನಗುತ್ತಾ ಹೇಳಲು ನನಗೆ ಬರುವುದಿಲ್ಲ.

ಅಂದು ಜೋರು ಗಾಳಿಮಳೆ. ಯಥಾಪ್ರಕಾರ ಕರೆಂಟ್ ಹೋಗಿತ್ತು. ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎದೆ ಹಿಡಿದುಕೊಂಡರು. ಅಂಗಿಯೆಲ್ಲ ಬೆವರಿನಿಂದ ತೊಯ್ದುಹೋಯಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ರಸ್ತೆಗೆ ಬೇವಿನ ಮರ ಬಿದ್ದಿದೆ, ಸುತ್ತಿಕೊಂಡು ಬರಬೇಕು ಎಂದರು. ದಾರಿ ತೋರಿಸಲೆಂದು ನನ್ನ ಹೆಂಡತಿ ಮಳೆಯಲ್ಲೇ ಓಣಿಯ ತುದಿಗೆ ಓಡಿದಳು. ನಾನು ಅಪ್ಪನ ಪಾದ ಹಿಡಿದು ಕೂತೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಅತ್ತೆ ತಮ್ಮನನ್ನು ಕುರ್ಚಿಯಿಂದ ಕೆಳಗಿಳಿಸಿ, ಗೋಡೆಗೆ ಒರಗಿಸಿ, ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

“ತಮ್ಮಾ, ಕಥಿ ಹೇಳ್ತೀನಿ. ಹೂಂ ಅನಬೇಕು ನೋಡು. ಹೊಳಿ ದಂಡಿ ಮ್ಯಾಲಿನ ಗೂಗಲ್ ಊರಾಗ ಒಂದು ಎತ್ತಿತ್ತು.”

“ಹೂಂ.”

“ಅದಕ್ಕ ಕೃಷ್ಣಾ ಹೊಳಿ ದಾಟೋ ಹುಚ್ಚು.”

“ಹೂಂ.”

“ಎಲ್ಲಾರೂ ಬ್ಯಾಡ ಬ್ಯಾಡ ಅಂದರು. ಅದು ಕೇಳಲಿಲ್ಲ. ನೀರಿಗಿಳೀತು. ಮೊಣಕಾಲ ಮಟ ನೀರು…”

ಅಪ್ಪ ಮಾತಾಡಲಿಲ್ಲ.

“ಹೂಂ ಅನ್ನೋ!” ಅತ್ತೆ ಗದರಿದಳು.

“ಹೂಂ…”

ಎತ್ತು ಹೊಟ್ಟೆಮಟ್ಟ ಮುಳುಗಿತು. ಕುತ್ತಿಗೆಮಟ್ಟ ಮುಳುಗಿತು. ಈಜತೊಡಗಿತು. ಅಪ್ಪನ ‘ಹೂಂ’ ಸಣ್ಣದಾಗುತ್ತಿತ್ತು, ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ದೊಡ್ಡದಾಗುತ್ತಿತ್ತು. ಅತ್ತೆಯ ದನಿ ಮಾತ್ರ ಒಂದಿಷ್ಟೂ ನಡುಗಲಿಲ್ಲ. ಅಂಗನವಾಡಿಯ ಮಕ್ಕಳ ಮುಂದೆ ಕೂತವಳಂತೆ ಹೇಳುತ್ತಲೇ ಇದ್ದಳು. ಎತ್ತು ನಡುಹೊಳೆಯಲ್ಲಿದ್ದಾಗ ಆಂಬುಲೆನ್ಸ್ ಬಂತು.

ಅಪ್ಪ ಉಳಿದರು. ಅವರನ್ನು ವಾರ್ಡಿಗೆ ತಂದ ಮೇಲೆ ನಾವು ನೋಡಲು ಹೋದೆವು. ಅತ್ತೆ ಮಂಚದ ಪಕ್ಕದಲ್ಲಿ ನಿಂತಳು. ಅಪ್ಪನೇ ಬಾಯಿ ಬಿಟ್ಟರು.

“ಅಕ್ಕಾ, ಆ ಎತ್ತು ಹೊಳಿ ದಾಟಿತೇನು?”

“ಯಾವ ಎತ್ತೋ?”

ಆಟ ಆಡಿಸುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದೆ. ಆಟವಲ್ಲ. ನಿಜಕ್ಕೂ ಅವಳಿಗೆ ನೆನಪಿರಲಿಲ್ಲ.

“ನಾ ಏನು ಹೇಳಿದ್ನೋ ನನಗ ಗೊತ್ತಿಲ್ಲೋ ತಮ್ಮಾ,” ಎಂದಳು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ನಿನ್ನ ಹೂಂ ಅಷ್ಟ ಕೇಳಕೋತ ಕುಂತಿದ್ದೆ.”