ಅತ್ತೆಯ ಡಬ್ಬದೊಳಗಿನ ಚಾರ್ಜರ್

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಬಿಚ್ಚದೆ ಇರುವುದು ನನ್ನ ಕೈಲಾಗದು. ಬಿಚ್ಚಿದ್ದನ್ನು ಮೊದಲಿನಂತೆ ಜೋಡಿಸುವುದೂ ಅಷ್ಟೇ. ನಂಜನಗೂಡಿನ ನಮ್ಮ ಮನೆಯ ಅಟ್ಟದ ತುಂಬ ಹೀಗೆ ಅರ್ಧಕ್ಕೆ ನಿಂತ ಸಾಹಸಗಳೇ. ಮೊಬೈಲು ಆಗತಾನೆ ಮನೆಮನೆಗೆ ಬರುತ್ತಿದ್ದ ಕಾಲವದು. ರೇಡಿಯೋಗೆ ಪದೇ ಪದೇ ಸೆಲ್ಲು ಹಾಕುವ ಕಾಟ ತಪ್ಪಲೆಂದು ಕೆಟ್ಟ ಮೊಬೈಲಿನ ಚಾರ್ಜರೊಂದನ್ನು ಬಿಚ್ಚಿ, ಅದರ ಕರೆಂಟನ್ನೇ ಕೊಟ್ಟೆ. ರೇಡಿಯೋ ಹಾಡಿತು. ಜೊತೆಗೆ ಗುಂಯ್ ಎಂದು ಇನ್ನೊಂದು ರಾಗವೂ ಹೊರಟಿತು.

ಅದೇ ವಾರ ಕವಲಂದೆಯಿಂದ ನಮ್ಮ ಅತ್ತೆ ಬಂದರು. ರೇಡಿಯೋದಲ್ಲಿ ಬೆಳಗಿನ ವಚನ ಕೇಳದೆ ಅವರಿಗೆ ಕಾಫಿ ಇಳಿಯುವುದಿಲ್ಲ. "ಏನ್ ಅಳಿಯಂದ್ರೇ, ವಚ್ನ ಏಳೋರ ಬಾಯಿಗೆ ಜೇನುನೊಣ ಒಕ್ಕದಾ?" ಎಂದರು. ಹೆಂಡತಿ ನಗಲಿಲ್ಲ. "ಭಾನುವಾರದೊಳಗೆ ಈ ಸದ್ದು ನಿಲ್ಲದಿದ್ರೆ ಅಟ್ಟದ ಮೇಲಿರೋದೆಲ್ಲ ಗುಜರಿಗೆ" ಎಂದಳು. ಹದಿನೈದು ವರ್ಷ ಕೂಡಿಟ್ಟ ಸಾಮಾನು! ನನಗೆ ಅನ್ನ ಸೇರಲಿಲ್ಲ.

ನನ್ನ ಕಚೇರಿಯಿದ್ದದ್ದು ಟಿ. ನರಸೀಪುರದಲ್ಲಿ. ಅಲ್ಲಿ ರೇಡಿಯೋ ರಿಪೇರಿ ಮಾಡುವ ಮಾದಪ್ಪನ ಮುಂದೆ ಕಷ್ಟ ತೋಡಿಕೊಂಡೆ.

"ಸಾ, ಈ ಸದ್ದು ವೈರಲ್ಲೂ ಬತ್ತದ, ಗಾಳೀಲೂ ಬತ್ತದ. ವೈರ್ನ ಗಿಡ್ಡ ಮಾಡಿ, ಈ ಕಪ್ಪು ಬಳೆಗೆ ನಾಕು ಸುತ್ತು ಸುತ್ತಿ, ಒಂದು ಕೆಪಾಸಿಟರ್ ಆಕಿ. ಆಮೇಲೆ ಚಾರ್ಜರ್ನ ಲೋಹದ ಡಬ್ಬದೊಳ್ಗೆ ಮಡಗಿ ಅರ್ತ್ ಕೊಡಿ. ಉಸಿರೆತ್ತಾಕಿಲ್ಲ ಕಣಿ ಸಾ" ಎಂದು ಹಳೆಯ ರೇಡಿಯೋದಿಂದ ಕಳಚಿದ ಬಳೆಯಂಥ ಕಪ್ಪು ಬಿಲ್ಲೆಯೊಂದನ್ನು ಕೈಗಿಟ್ಟ.

ಶನಿವಾರ ಸಂಜೆಗೆ ಎಲ್ಲವೂ ಸಿದ್ಧ, ಡಬ್ಬವೊಂದು ಬಿಟ್ಟು. ಅಡುಗೆಮನೆಯಲ್ಲಿ ಅತ್ತೆ ಕೋಡುಬಳೆ ತುಂಬಿ ತಂದಿದ್ದ ಸ್ಟೀಲ್ ಡಬ್ಬ ಕಂಡಿತು. ಅದನ್ನು ಎರಡೇ ದಿನದಲ್ಲಿ ಖಾಲಿ ಮಾಡಿದವನೂ ನಾನೇ, ಹಾಗಾಗಿ ಸ್ವಲ್ಪ ಹಕ್ಕಿದೆ ಅನ್ನಿಸಿತು. ಎರಡು ತೂತು ಕೊರೆದು, ಒಳಗೆ ರಟ್ಟು ಹಾಸಿ, ಚಾರ್ಜರನ್ನು ಕೂರಿಸಿ ಅರ್ತ್ ಕೊಟ್ಟೆ.

ಭಾನುವಾರ ಬೆಳಿಗ್ಗೆ ವಚನ ತಿಳಿನೀರಿನ ಹಾಗೆ ಹರಿದು ಬಂತು. ಹೆಂಡತಿ ಅಟ್ಟವನ್ನೊಮ್ಮೆ ನೋಡಿ ಕಾಫಿ ಸೋಸಲು ಹೋದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಗಲೇ ಡಬ್ಬದ ಮೇಲೆ ಕೊರೆಸಿದ್ದ 'ಮಹದೇವಮ್ಮ, ಕವಲಂದೆ' ಎಂಬ ಹೆಸರು ಎದುರಿಗೇ ಇರುವುದು ಕಂಡದ್ದು. ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಮಂಗಳವಾರ ಹೊರಟು ನಿಂತಾಗ ಅತ್ತೆ ಡಬ್ಬ ಕೇಳಿದರು. ತೌರಿನಿಂದ ಬಂದ ಡಬ್ಬವನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿ ಚಕ್ಕುಲಿ ಹಿಡಿದುಕೊಂಡು ಡಬ್ಬಕ್ಕಾಗಿ ಕಪಾಟೆಲ್ಲ ತಡಕಾಡಿದಳು. ನಾನೂ ಜೊತೆಗೆ ಹುಡುಕುವವನಂತೆ ನಟಿಸಿದೆ.

"ಉಡುಕ್ಬ್ಯಾಡ ಕಣವ್ವ. ಬರೀ ಡಬ್ಬ ಕೊಡಬಾರ್ದು ಅಂತ ಅಳಿಯಂದ್ರು ಆಗ್ಲೇ ತುಂಬಿ ಮಡಗವ್ರೆ" ಎಂದು ಅತ್ತೆ ರೇಡಿಯೋ ಪಕ್ಕದಿಂದ ಡಬ್ಬವನ್ನು ವೈರುಸಮೇತ ಎತ್ತಿ ಚೀಲಕ್ಕಿಳಿಸಿದರು. "ನಮ್ಮನೆ ರೇಡಿಯೋಗೂ ಆಯ್ತದ."

ಚೀಲವನ್ನು ಬಸ್ ಸ್ಟ್ಯಾಂಡಿನವರೆಗೆ ನಾನೇ ಹೊತ್ತೆ. ಬರುವಾಗ ಅಂಗಡಿಯಲ್ಲಿ ನಾಲ್ಕು ಸೆಲ್ಲು ಕೊಂಡೆ.