ಗುಳಿಗೆ ಇಲ್ಲದ ಚೀಟಿ

ಸರಕಾರಿ ದವಾಖಾನೆಯಲ್ಲಿ ಕೂತ ಡಾಕ್ಟರಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅದು ತಾನಾಗಿಯೇ ಚೀಟಿ ಮಾಡಿಸಿಕೊಂಡು ಪಾಳಿಯಲ್ಲಿ ಬಂದು ನಿಲ್ಲುತ್ತದೆ. ಇಳಕಲ್ಲಿನ ಮಗ್ಗುಲಲ್ಲೇ ಇರುವ ನಮ್ಮ ಸಣ್ಣ ದವಾಖಾನೆಗೆ ಹೋದ ವರ್ಷ ಒಬ್ಬ ನೇಕಾರ ಕಾಕಾ ಬಂದರು. ನನ್ನ ವರ್ಷದ ನಗುವೆಲ್ಲ ಅವರೊಬ್ಬರದೇ.

೧. ದಡಿಯ ದೋಷ

ಕಾಕಾಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಅಂಗೈ ಬೆವರಿ, ಉಸಿರು ಸಿಕ್ಕಿ, 'ಈಗ ಸತ್ತೆ' ಅನ್ನಿಸುತ್ತಿತ್ತು. ಹತ್ತು ನಿಮಿಷಕ್ಕೆ ಎಲ್ಲ ಸರಿ. ಮೊದಲ ಸಲ ಹಾಗಾದದ್ದು ಬಸ್ಸಿನಲ್ಲಿ, ಕಮತಗಿ ಹತ್ತಿರ. ಅಂದಿನಿಂದ ಅವರು ಬಸ್ಸು ಹತ್ತಿರಲಿಲ್ಲ. ಮಗಳನ್ನು ಕೊಟ್ಟದ್ದು ಬಾದಾಮಿಗೆ. ಇನ್ನೆರಡು ತಿಂಗಳಿಗೆ ಅವಳ ಎರಡನೇ ಕೂಸನ್ನು ಬೀಗರ ಮನೆಯಲ್ಲಿ ತೊಟ್ಟಿಲಿಗೆ ಹಾಕುವವರಿದ್ದರು.

"ನಾ ಹೋಗದಿದ್ರ ಮಗಳು ತೊಟ್ಟಿಲದ ಮುಂದ ಕುಂತು ಅಳ್ತಾಳ್ರಿ," ಎಂದರು ಕಾಕಾ. ಹೇಳುವಾಗ ಅವರ ಕಣ್ಣಲ್ಲೇ ನೀರು ಬಂತು.

ಪರೀಕ್ಷೆ ಎಲ್ಲ ಮಾಡಿಸಿದೆ. ಇಸಿಜಿ ಚೊಕ್ಕವಾಗಿತ್ತು. "ಕಾಕಾ, ನಿಮ್ಮ ಎದಿ ಗಟ್ಟಿ ಐತಿ. ಇದು ಪ್ಯಾನಿಕ್ ಡಿಸಾರ್ಡರ್ ಅಂತ, ಘಾಬರಿ ರೋಗ. ಜೀವಕ್ಕೇನೂ ಧೋಕಾ ಇಲ್ಲ," ಎಂದೆ.

ಕಾಕಾ ಇಸಿಜಿಯ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂವತ್ತು ವರ್ಷ ಸೀರೆಯ ದಡಿ ನೇಯ್ದ ಕಣ್ಣು ಅದು.

"ಸುಳ್ಳು ಹೇಳಬ್ಯಾಡ್ರಿ ಸಾಹೇಬ್ರ. ಇಲ್ಲೊಂದು ಗೆರಿ ಉದ್ದ, ಬಾಜೂಕ ಗಿಡ್ಡ, ಮುಂದ ಸಪಾಟ. ಇಂಥಾ ದಡಿ ನೇಯ್ದ್ರ ಸಾವಕಾರ ಸೀರಿ ಮಾರಿಗೆ ಒಗೀತಾನ."

"ಎಲ್ಲಾರದೂ ಹಿಂಗ ಇರ್ತೈತ್ರಿ. ನಂದೂ ಹಿಂಗ ಐತಿ."

ಕಾಕಾ ಮರುಕದಿಂದ ನನ್ನ ಮುಖ ನೋಡಿದರು. "ಹಂಗಾರ ನೀವೂ ಒಮ್ಮೆ ಚಲೋ ಡಾಕ್ಟರಿಗೆ ತೋರಿಸ್ಕೋರಿ."

೨. ಮಂದಿ ಕುಡಿಸಿದ ಚಹಾ

ಚೀಟಿಯಲ್ಲಿ ನಾನು ಬರೆದದ್ದು ಇಷ್ಟು: ಚಹಾ ಕಡಿಮೆ, ಬೆಳಿಗ್ಗೆ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ಘಾಬರಿ ಬಂದರೆ ಓಡಿಹೋಗದೆ ಅಲ್ಲೇ ಕೂತು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಕಾಕಾ ಚೀಟಿಯನ್ನು ತಿರುವಿ ಬೆನ್ನು ನೋಡಿದರು.

"ಗುಳಿಗಿ ಎಲ್ಲಿ ಬರದೀರಿ?"

"ಸದ್ಯಕ್ಕ ಇದ ಗುಳಿಗಿ. ದಿನಕ್ಕ ಎಷ್ಟು ಚಾ ಕುಡೀತೀರಿ?"

"ಎರಡ್ರಿ."

ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಎರಡು ನಾ ಮಾಡಿಕೊಟ್ಟದ್ದು. ಓಣ್ಯಾಗಿನ ಹತ್ತು ಯಾರು ಹೇಳಬೇಕು?"

"ಅದು ಮಂದಿ ಚಾ ಅಲ್ಲೇನ?" ಎಂದು ಕಾಕಾ ಸಿಟ್ಟಾದರು. "ಮಂದಿ ಕುಡಿಸಿದ್ದು ನನ್ನ ಲೆಕ್ಕಕ್ಕ ಹೆಂಗ ಬರ್ತೈತಿ? ನಾ ಬರೇ ಬಾಯಿ ಕೊಡ್ತೇನಿ!"

೩. ಮಗ್ಗದ ಸಪ್ಪಳ

ಸುಮ್ಮನೆ ಕೂತು ಉಸಿರು ಎಣಿಸುವುದು ಕಾಕಾಗೆ ಒಗ್ಗಲಿಲ್ಲ. ಕೈ ಖಾಲಿ ಇದ್ದರೆ ಘಾಬರಿ ಇನ್ನೂ ಜಾಸ್ತಿಯಂತೆ. ಹಾಗಾಗಿ ಮಗ್ಗದಲ್ಲೇ ಶುರುಮಾಡಿದರು. ಲಾಳಿ ಅತ್ತ ಹೋದಾಗ ಉಸಿರು ಒಳಗೆ, ಇತ್ತ ಬಂದಾಗ ಹೊರಗೆ. ಅವರು ಉಸಿರು ನಿಧಾನ ಮಾಡಿದಂತೆ ಮಗ್ಗವೂ ನಿಧಾನವಾಯಿತು.

ಆ ಓಣಿಯವರಿಗೆ ಯಾರ ಮನೆಯ ಮಗ್ಗ ಹೇಗೆ ಬಡಿಯುತ್ತದೆ ಎನ್ನುವುದು ಕಿವಿಯಲ್ಲೇ ಇರುತ್ತದೆ. ಒಂದು ತಾಸಿನಲ್ಲಿ ಎದುರುಮನೆಯಾಕೆ ಓಡಿಬಂದಳು. "ಸಪ್ಪಳ ಕೇಳಿ ನನ್ನ ಎದಿ ಧಸಕ್ಕಂತು! ಕಾಕಾಗ ಏನಾತು?"

ಸಂಜೆಯ ಹೊತ್ತಿಗೆ ಬಾಳೆಹಣ್ಣು, ಬಿಸ್ಕೀಟು ಹಿಡಿದು ಇಡೀ ಓಣಿ ಮಾತಾಡಿಸಲು ಬಂತು. ಬಂದವರನ್ನು ಚಹಾ ಕೊಡದೆ ಕಳಿಸುವಂತಿಲ್ಲ. ಅವರನ್ನು ಕುಡಿಯಲು ಬಿಟ್ಟು ಮನೆಯ ಯಜಮಾನ ಸುಮ್ಮನೆ ಕೂಡುವಂತೆಯೂ ಇಲ್ಲ. ವಾರದ ಮೇಲೆ ಕಾಕಾ ಬಂದು ತಲೆ ತಗ್ಗಿಸಿದರು. "ಉಸಿರು ಭಾಳ ಸುಧಾರಿಸೈತ್ರಿ. ಚಾ ಹದಿನೆಂಟಕ್ಕ ಏರೈತಿ."

"ಬಂದವರಿಗೆ ನಾಳಿಂದ ಮಜ್ಜಿಗಿ ಕೊಡ್ರಿ," ಎಂದೆ.

ಮರುದಿನ ಮೂರು ಮಂದಿ ಬಂದರಂತೆ. ಅದರ ಮರುದಿನ ಯಾರೂ ಇಲ್ಲ; ಇಡೀ ಓಣಿಯ ಲೆಕ್ಕದಲ್ಲಿ ಕಾಕಾ ಹುಷಾರಾಗಿಬಿಟ್ಟಿದ್ದರು.

೪. ಬಾದಾಮಿ ಬಸ್ಸು

ಖರೇನೂ ಹುಷಾರಾಗುತ್ತಿದ್ದರು. ಚಹಾ ಮೂರಕ್ಕೆ ಇಳಿಯಿತು, ನಿದ್ದೆ ಬಂತು, ಬೆಳಗಿನ ನಡಿಗೆ ಹುನಗುಂದದ ರಸ್ತೆಯಲ್ಲಿ ದಿನಕ್ಕಿಷ್ಟು ಬೆಳೆಯಿತು. ಬಸ್ಸಿನದೂ ಹಾಗೇ. ಮೊದಲು ಬಸ್ ಸ್ಟ್ಯಾಂಡಿನಲ್ಲಿ ಬರೀ ನಿಂತು ಬಂದರು, ಆಮೇಲೆ ಹುನಗುಂದದ ತನಕ ಹೋಗಿ ಬಂದರು. ಆದರೆ ಬಾದಾಮಿಗೆ ಹೋಗಲು ಕಮತಗಿ ದಾಟಬೇಕು. ತೊಟ್ಟಿಲ ದಿನ ಬೆಳಿಗ್ಗೆಯಿಂದ ನನ್ನ ಲಕ್ಷ್ಯ ರೋಗಿಗಳ ಮೇಲಿರಲಿಲ್ಲ, ಫೋನಿನ ಮೇಲಿತ್ತು.

ಮಧ್ಯಾಹ್ನ ಫೋನು ಬಂತು. "ಸಾಹೇಬ್ರ, ಮುಟ್ಟೀನ್ರಿ! ಕೂಸು ನನ್ನ ತೊಡಿಮ್ಯಾಲೆ ಐತಿ!" ಹಿಂದೆ ಕೂಸು ಅಳುವುದು ಕೇಳಿಸಿತು. ಖುಷಿಗೆ ನಾನು ಕುರ್ಚಿ ಬಿಟ್ಟು ಎದ್ದೆ.

"ಕಮತಗ್ಯಾಗ ಏನಾತ್ರಿ?"

"ಬಂತ್ರಿ! ಎದಿ ಹೊಡಕೊಳ್ಳಾಕ ಹತ್ತಿತು. ಕಣ್ಣು ಮುಚ್ಚಿ, ನೀವು ಹೇಳಿದಂಗ ನಾಕು ಎಣಿಸ್ಕೋತ ಜೋರಾಗಿ ಉಸಿರು ಎಳದೆ. ಬಾಜೂಕ ಕುಂತಿದ್ದ ಒಬ್ಬಾಕಿ ಮುದುಕಿ ನನ್ನ ಮಾರಿ ನೋಡಿದಳ್ರಿ. 'ಯಪ್ಪಾ, ಇವ ಹೊಂಟ!' ಅಂದಾಕಿ ತಾನ ಥರಥರ ನಡಗಾಕ ಹತ್ತಿದಳು."

"ಆಮ್ಯಾಲೆ?"

"ಆಕೀನ್ನ ಹೆಂಗ ಬಿಡಲಿರಿ? ಕೈ ಹಿಡದು, 'ಯವ್ವಾ, ಏನೂ ಆಗೂದಿಲ್ಲ, ಹತ್ತು ನಿಮಿಷದ್ದು, ನಾಕು ಎಣಸು, ಆರು ಎಣಸು' ಅಂತ ಗುಳೇದಗುಡ್ಡದ ಮಟಾ ಎಣಸಾಕ ಹಚ್ಚಿದೆ. ಆಕಿಗೆ ಆರಾಮಾದ ಮ್ಯಾಲೆ ನನ್ನ ಘಾಬರಿ ನೆನಪು ಮಾಡ್ಕೊಂಡ್ರ, ಅದು ಇಲ್ಲಾ!"

ನಾನು ನಕ್ಕೆ. ಕಣ್ಣೂ ಒದ್ದೆಯಾಯಿತು. "ಕಾಕಾ, ಇನ್ನ ನೀವು ಗೆದ್ರಿ," ಎಂದೆ.

ಆಮೇಲೆ ಬೀಗರಿಗೆ ಕೇಳಿಸದಂತೆ ಕಾಕಾ ದನಿ ಇಳಿಸಿದರು.

"ಹೋಗೂದೇನೋ ಆತ್ರಿ. ತಿರುಗಿ ಬರೂದ ಚಿಂತಿ. ಆ ಮುದುಕಿ ಇಲ್ಲೇ ಮಗನ ಮನ್ಯಾಗ ಎಂಟು ದಿನ ಇರ್ತಾಳಂತ. ಆಕಿ ತಿರುಗಿ ಬಸ್ ಹತ್ತೂ ಮಟಾ ನಾನೂ ಬೀಗರ ಮನ್ಯಾಗ ಇದ್ದುಬಿಡ್ಲೇನ್ರಿ?"