ಬಿದ್ದ ಸಿಪಾಯಿಗೆ ದಿಲ್ಲಿಯ ರಜೆ

ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಗುವೇ ಸರದಿಯಲ್ಲಿ ನಿಂತು ಒಳಗೆ ಕೈ ಚಾಚುತ್ತದೆ. ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ವರ್ಗವಾಗಿ ಬಂದ ಹೊಸತರಲ್ಲಿ ಹಾಗೆ ಕೈ ಚಾಚಿದವನು ತೆರಕಣಾಂಬಿಯ ಒಬ್ಬ ಮಾಜಿ ಸಿಪಾಯಿ.

೧. ಅವ್ವನ ವಿಳಾಸ

ಎರಡನೇ ಮಹಾಯುದ್ಧದಲ್ಲಿ ಇವನು ಇಟಲಿಗೆ ಹೋಗಿ, ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿಸುವ ಕೆಲಸ ಮಾಡಿದ್ದ. ಅಲ್ಲಿ ಕಾಲು ಮುರಿದಾಗ ಒಬ್ಬ ಮುದುಕಿ ಹನ್ನೊಂದು ದಿನ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದ್ದಳಂತೆ. ಕಾಲು ಮುರಿದದ್ದು ಗುಂಡು ತಗುಲಿ ಎಂದು ಊರಿಗೆಲ್ಲ ಗೊತ್ತಿತ್ತು, ಅವನೇ ಹೇಳಿದ್ದ. ಆಕೆ ಇದ್ದಾಳೋ ಇಲ್ಲವೋ ತಿಳಿಯಬೇಕು, ದಿಲ್ಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಿ ಎಂದ.

ಆಕೆಯ ಹೆಸರು ಕೇಳಿದೆ. "ಅವ್ವ ಅಂತಿದ್ದೆ."

ಊರು? "ಬೆಟ್ಟದ ಮ್ಯಾಲೆ."

ಅವಳ ಭಾಷೆ ನಿನಗೆ ಬರುತ್ತಿತ್ತೇ ಎಂದೆ.

"ಊಟ ಬ್ಯಾಡ ಅಂದ್ರೆ ಬಯ್ಯೋಳು ಸ್ವಾಮಿ. ಅದ್ರಲ್ಲಿ ತಿಳಿದೇ ಇರಾದೇನದೆ?"

೨. ದಿಲ್ಲಿಯ ಉತ್ತರ

ಒಂದು ತಿಂಗಳಿಗೆ ಉತ್ತರ ಬಂತು. ಹೆಸರು, ಊರು ತಿಳಿಸಿದರೆ ಖಂಡಿತ ವಿಚಾರಿಸುತ್ತೇವೆ ಎಂದು ಸೌಜನ್ಯದಿಂದ ಬರೆದಿದ್ದರು. ಮುಂದಿನ ವಾರ ಯುದ್ಧದಲ್ಲಿ ಮಡಿದ ಸೈನಿಕರ ಗೌರವಾರ್ಥ ತಮ್ಮ ದೇಶದ ರಜೆ, ಆ ದಿನ ಕಚೇರಿ ಮುಚ್ಚಿರುತ್ತದೆ ಎಂದೂ ಇತ್ತು. ಹೀಗೆ ಮಡಿದವರನ್ನು ಇಂಗ್ಲಿಷಿನಲ್ಲಿ 'ಬಿದ್ದವರು' ಎನ್ನುತ್ತಾರೆ. ಹೊರಗೆ ಟಪಾಲು ಬಸ್ಸು ಹಾರನ್ ಹೊಡೆಯುತ್ತಿತ್ತು. ಆ ಅವಸರದಲ್ಲಿ ನಾನು ಪದಕ್ಕೆ ಪದ ಇಟ್ಟು, "ಬಿದ್ದ ಸಿಪಾಯಿಗಳ ಗೌರವಾರ್ಥ ಕಚೇರಿಗೆ ರಜೆ" ಎಂದು ಕಿಟಕಿಯಾಚೆ ನಿಂತಿದ್ದ ಅವನಿಗೆ ಓದಿ ಹೇಳಿ, ಟಪಾಲು ಚೀಲ ಎತ್ತಿಕೊಂಡು ಓಡಿದೆ.

ವಾಪಸು ಬರುವಷ್ಟರಲ್ಲಿ ಅವನಿರಲಿಲ್ಲ. ಹೋಗುತ್ತ ಏನೋ ಗೊಣಗುತ್ತಿದ್ದನೆಂದು ನಮ್ಮ ಪೋಸ್ಟ್‌ಮ್ಯಾನ್ ಹೇಳಿದ: "ನಾನ್ ಬಿದ್ದುದ್ದು ದಿಲ್ಲಿಗಂಟ ಓಯ್ತಾ?"

೩. ತೂತಿಲ್ಲದ ಪ್ಯಾಂಟು

ಎರಡು ದಿನ ಬಿಟ್ಟು ಪೇಟೆ ಬೀದಿಯ ದರ್ಜಿ ಸಾಹೇಬರು ನಮ್ಮ ಕಚೇರಿಗೆ ಬಂದು ಉಳಿದ ಕಥೆ ಹೇಳಿದರು. ಆ ರಜೆಯ ದಿನ ತೊಡಬೇಕೆಂದು ಸಿಪಾಯಿ ತನ್ನ ಹಳೆಯ ಮಿಲಿಟರಿ ಬಟ್ಟೆಯನ್ನು ಅವರಿಗೆ ತಂದುಕೊಟ್ಟನಂತೆ. ಗುಂಡು ತಗುಲಿದ ತೂತಿಗೆ ತೇಪೆ ಹಾಕೋಣವೆಂದು ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿದರೂ ಸಾಹೇಬರಿಗೆ ತೂತು ಸಿಗಲಿಲ್ಲ. ಎಲ್ಲಪ್ಪಾ ಎಂದು ಕೇಳಿದರೆ, ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ತನ್ನ ಊರವರ ಎದುರಿಗೇ ಅವನು ಎದೆಯುಬ್ಬಿಸಿ ಹೇಳಿದನಂತೆ: "ಗುಂಡಲ್ಲ ಸಾಬ್ರೇ, ಹೇಸರಗತ್ತೆ ಮ್ಯಾಲಿಂದ ಬಿದ್ದುದ್ದು. ಈಗ ಬಿದ್ದೋರಿಗೇ ಮರ್ವಾದೆ, ದಿಲ್ಲೀಲಿ ರಜಾ ಕೊಟ್ಟವ್ರೆ."

ಹಾಗಾದರೆ ನೀವು ಹೊಲಿದದ್ದೇನು ಎಂದು ಕೇಳಿದೆ.

ಸಾಹೇಬರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದರು. "ಗುಂಡು ಇರಲಿಲ್ಲ. ಕೋಟಿನ ಗುಂಡಿ ಮಾತ್ರ ಸರಿಸಿಕೊಟ್ಟೆ."

೪. ರಜೆ ಯಾರಿಗೆ

ನನ್ನ ತಪ್ಪು ಆಗ ಹೊಳೆಯಿತು. ಭಾನುವಾರ ಬಸ್ಸು ಹತ್ತಿ ತೆರಕಣಾಂಬಿಗೆ ಹೋದೆ. ಸಿಪಾಯಿ ಬಾವಿಯಲ್ಲಿ ನೀರು ಸೇದುತ್ತಿದ್ದ. ಹೆಂಡತಿ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಗುಂಡು ತಗುಲಿದ ಕಾಲೆಂದು ಹತ್ತು ವರ್ಷ ಅವನಿಗೆ ಒಂದು ಕೊಡವನ್ನೂ ಮುಟ್ಟಗೊಟ್ಟಿರಲಿಲ್ಲವಂತೆ. ದರ್ಜಿ ಅಂಗಡಿಯ ಸುದ್ದಿ ಮುಂದಿನ ಬಸ್ಸಿನಲ್ಲೇ, ಅವನಿಗಿಂತ ಮೊದಲು ಮನೆ ಸೇರಿತ್ತು.

ಬಿದ್ದವರೆಂದರೆ ಯುದ್ಧದಲ್ಲಿ ಸತ್ತವರು, ಓದಿದ್ದರಲ್ಲಿ ನನ್ನದೇ ತಪ್ಪು ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಅವನು ಸೇದಿದ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟ.

"ಕುದೇರಿನೋನೊಬ್ಬ ಅಲ್ಲಿ ನನ್ ಪಕ್ಕದಲ್ಲೇ ಸತ್ತೋದ ಸ್ವಾಮಿ. ಆ ರಜಾ ಅವನಿಗೆ ಓಗ್ಲಿ ಬುಡಿ."



ಮತ್ತೆ ಹಗ್ಗ ಹಿಡಿಯುತ್ತ ಅವನು ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿ, ಅಂಥ ದೊಡ್ಡ ಕಚೇರಿಯೇ ಬಾಗಿಲು ಹಾಕುವ ದಿನ ತನಗೂ ನೀರಿನ ಕೆಲಸದಿಂದ ಒಂದು ದಿನ ಬಿಡುವು ಕೊಡಬಹುದಲ್ಲ ಎಂದು ನನ್ನ ಹತ್ತಿರ ಹೇಳಿದ.

ಅವಳು ಕೂತಲ್ಲಿಂದ ಏಳಲಿಲ್ಲ.

"ರಜಾ ಸತ್ತೋರಿಗೆ ಅಂದ್ರಲ್ಲ ಅವ್ರು. ನೀನು ಬದುಕಿದ್ದೀಯ, ಸೇದು."